ಕೈಪಿಡಿ ಸಾಹಿತ್ಯವಲ್ಲವಂತೆ

ಹೋದ ವರ್ಷ ಹೈದರಾಬಾದಿನ ನಮ್ಮ ಕನ್ನಡ ಗೆಳೆಯರ ಕೂಟದಲ್ಲಿ ನಾನೊಂದು ಸಲಹೆ ಇಟ್ಟೆ. ಅನುವಾದಕ್ಕೆ ಪುಸ್ತಕ ಆರಿಸುತ್ತಿದ್ದೆವು. ಟಿಪ್ಪುವಿನ ಸೈನ್ಯಕ್ಕಾಗಿ ಬರೆದ ಕೈಪಿಡಿಯನ್ನು ಕನ್ನಡಕ್ಕೆ ತರೋಣ ಅಂದೆ. ಹಿರಿಯರೊಬ್ಬರು, "ಅದು ಕೈಪಿಡಿ ಮಾರಾಯ್ರೇ, ಸಾಹಿತ್ಯ ಅಲ್ಲವಲ್ಲ" ಅಂದರು. ಇನ್ನೊಬ್ಬರು, "ಆ ಹೆಸರೇ ಬೇಡ, ಸುಮ್ಮನೆ ಜಗಳ" ಅಂದರು. ಅಷ್ಟರಲ್ಲಿ ಟೀ ಬಂತು, ವಿಷಯ ಮುಗಿಯಿತು. ಈ ಎರಡೂ ಮಾತು ನನಗಿನ್ನೂ ಜೀರ್ಣವಾಗಿಲ್ಲ.

ನನ್ನೂರು ಹೊಸನಗರ ತಾಲ್ಲೂಕು. ಅಜ್ಜನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿನಳಿಗೆ ಕೇಪಿನ ಕೋವಿ ಇತ್ತು. ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಹೋಗಿ ಬರುತ್ತಿದ್ದ ಕೋವಿ. ಈಡು ತುಂಬುವುದನ್ನು ಅಜ್ಜ ಪೂಜೆಯ ಕ್ರಮದಂತೆ ಮಾಡುತ್ತಿದ್ದರು. ನಳಿಗೆಯ ಬಾಯಿಂದ ಮೊದಲು ಮದ್ದು, ಮೇಲೆ ತೆಂಗಿನ ನಾರು, ಗಜದಿಂದ ಗಿಡಿಯುವುದು, ಆಮೇಲೆ ಗುಂಡು, ಮತ್ತೆ ನಾರು. ಕೇಪು ಕೊನೆಗೆ, ಹೊಡೆಯುವ ಹೊತ್ತಿಗೆ ಮಾತ್ರ. ಆ ಗಜದ ಮೇಲೆ ಒಂದು ಗೀರು ಇತ್ತು. ಖಾಲಿ ನಳಿಗೆಗೆ ಇಳಿಸಿದರೆ ಗೀರು ಬಾಯಿಗೆ ಸರಿಯಾಗಿ ನಿಲ್ಲುತ್ತದೆ. ಮೇಲೆ ನಿಂತರೆ ಒಳಗೆ ಈಡು ಇದೆ ಎಂದರ್ಥ. ಮಳೆಗಾಲದಲ್ಲಿ ಕೇಪು ಸಿಡಿದರೂ ಮದ್ದು ಹೊತ್ತದೆ ಉಳಿಯುವುದುಂಟು. ಅದನ್ನು ಮರೆತು ಮೇಲೊಂದು ಈಡು ತುಂಬಿದವನ ನಳಿಗೆ ಒಡೆಯುತ್ತದೆ, ಕೈಯೂ ಹೋಗುತ್ತದೆ. ಇದನ್ನೆಲ್ಲ ಅಜ್ಜ ಎಲ್ಲೂ ಬರೆದಿಡಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ, ಎಂಜಿನಿಯರಿಂಗ್ ಓದಲು ಹೊರಟೆ.

2018ರ ಜುಲೈನಲ್ಲಿ ನಮ್ಮ ಪಕ್ಕದ ನಗರದ (ಹಳೆಯ ಬಿದನೂರು) ಹಾಳು ಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಎರಡು ದಿನ ಹೆಮ್ಮೆ, ಮೂರನೆಯ ದಿನ ಬೈಗುಳ. ಅವನ್ನು ಹಾರಿಸುತ್ತಿದ್ದದ್ದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿಯೇ ನಾನು 'ಫತಹುಲ್ ಮುಜಾಹಿದೀನ್' ಎಂಬ ಪರ್ಷಿಯನ್ ಪುಸ್ತಕದ ಹುಡುಕಾಟಕ್ಕೆ ಬಿದ್ದದ್ದು.

ಟಿಪ್ಪುವಿನ ಅಪ್ಪಣೆಯಂತೆ ಅದನ್ನು ಬರೆದವನು ಜೈನುಲ್ ಆಬಿದೀನ್ ಶೂಸ್ತರಿ. ದಳಗಳ ರಚನೆ, ಚಕಮಕಿ ಬಂದೂಕಿನ ಸಿಪಾಯಿಗಳ ಕವಾಯತು, ಆಜ್ಞೆಯ ಪದಗಳು, ರಾಕೆಟ್ ಪಡೆ, ಎಲ್ಲ ಅದರಲ್ಲಿದೆ. ಚಕಮಕಿ ಬಂದೂಕಿಗೆ ಕೇಪು ಇಲ್ಲ, ಕಲ್ಲು ಉಕ್ಕಿಗೆ ಬಡಿದ ಕಿಡಿಯೇ ಮದ್ದಿಗೆ ತಗಲಬೇಕು. ಪಳಗಿದವನೂ ನಿಮಿಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಹೊಡೆಯಲಾರ. ಅವಸರದಲ್ಲಿ ಗಜವನ್ನು ನಳಿಗೆಯಲ್ಲೇ ಬಿಟ್ಟು ಹೊಡೆದವನ ಕೈಯಲ್ಲಿ ಆಮೇಲೆ ಉಳಿಯುವುದು ಒಂದು ದೊಣ್ಣೆ. ನೂರಾರು ಜನ ಸಾಲಾಗಿ ನಿಂತು ತಪ್ಪಿಲ್ಲದೆ ತುಂಬಿ ಹೊಡೆಯಬೇಕಾದರೆ ಪ್ರತಿ ಕೈಚಲನೆಗೂ ಒಂದು ಮಾತು ಬೇಕು. ಕೈಪಿಡಿ ಹುಟ್ಟುವುದು ಇಂಥ ಅಗತ್ಯದಿಂದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಾಲಯದ ಸುಮಾರು ಎರಡು ಸಾವಿರ ಪುಸ್ತಕಗಳೂ ಲೂಟಿಯ ಪಾಲಾದವು. 1809ರಲ್ಲಿ ಚಾರ್ಲ್ಸ್ ಸ್ಟೀವರ್ಟ್ ಅವುಗಳ ಪಟ್ಟಿ ಅಚ್ಚು ಹಾಕಿಸಿದ. 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಲಂಡನ್ನಿನಲ್ಲಿ ಟಿಪ್ಪುವಿನ ಪತ್ರಗಳನ್ನು ಪ್ರಕಟಿಸಿದಾಗ ಅನುಬಂಧದಲ್ಲಿ ಈ ಕೈಪಿಡಿಯ ಭಾಗಗಳನ್ನೂ ಕೊಟ್ಟ. ಹಸ್ತಪ್ರತಿಗಳು ಇವತ್ತು ಕೋಲ್ಕತ್ತದಲ್ಲಿವೆ, ಲಂಡನ್ನಿನಲ್ಲಿವೆ. ಪರ್ಷಿಯನ್ ಮೂಲವನ್ನು ಮಹಮೂದ್ ಹುಸೇನ್ ಸಂಪಾದಿಸಿ 1950ರಲ್ಲಿ ಹೊರತಂದದ್ದು ಕರಾಚಿಯಲ್ಲಿ. ಶ್ರೀರಂಗಪಟ್ಟಣದ ಪುಸ್ತಕ ಓದಲು ಕರಾಚಿಯ ಅಚ್ಚು!

ನಮ್ಮ ರಾಜ್ಯದ್ದೇ ಒಂದು ಗ್ರಂಥಾಲಯಕ್ಕೆ ರಜೆ ಹಾಕಿ ಹೋಗಿದ್ದೆ. ಕೌಂಟರಿನಲ್ಲಿದ್ದವರು ಹೆಸರು ಕೇಳಿ ತಲೆಯೆತ್ತಿ, "ನೀವು ಪರವೋ, ವಿರುದ್ಧವೋ?" ಎಂದರು. ಪುಸ್ತಕ ಇದೆಯೋ ಇಲ್ಲವೋ ಎಂಬ ಉತ್ತರ ಕೊನೆಗೂ ಬರಲಿಲ್ಲ. ಕಡೆಗೆ ದೆಹಲಿಯಲ್ಲಿ ಸಂಶೋಧನೆ ಮಾಡುತ್ತಿರುವ ಗೆಳತಿ ಕರಾಚಿ ಪ್ರತಿಯ ನೆರಳಚ್ಚು ಕಳಿಸಿದಳು.

ಪರವೋ ವಿರುದ್ಧವೋ: 2015ರಲ್ಲಿ ಸರ್ಕಾರ ಜಯಂತಿ ಶುರುಮಾಡಿ 2019ರಲ್ಲಿ ನಿಲ್ಲಿಸುವವರೆಗೆ ಪ್ರತಿ ನವೆಂಬರಿನಲ್ಲೂ ಇದೊಂದೇ ಪ್ರಶ್ನೆ ಇತ್ತು. ಪುಸ್ತಕದ ಹೆಸರಿನಲ್ಲೇ ಧರ್ಮಯುದ್ಧ ಇದೆ, ಅದನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಆಡಳಿತದಲ್ಲಿ ಕನ್ನಡವನ್ನು ಸರಿಸಿ ಪರ್ಷಿಯನ್ ತಂದ ಎಂಬ ದೂರಿನಲ್ಲೂ ಹುರುಳಿದೆ. ಬೈಯುವವರು ಬೈಯಲಿ, ಆದರೆ ಪುಟದ ಸಂಖ್ಯೆ ಹೇಳಿ ಬೈಯಲಿ. ಹೊಗಳುವವರಿಗೂ ಇದೇ ಮಾತು. ರಾಕೆಟ್ಟಿನ ಚಿತ್ರ ಹಾಕಿ ಎದೆ ತಟ್ಟಿಕೊಳ್ಳುವ ಗೆಳೆಯರಲ್ಲಿ ಈ ಪುಸ್ತಕದ ಹೆಸರು ಗೊತ್ತಿದ್ದವರು ನನಗೆ ಇಬ್ಬರೂ ಸಿಗಲಿಲ್ಲ.

ಇನ್ನು "ಸಾಹಿತ್ಯ ಅಲ್ಲ" ಎಂಬ ಮಾತು. ಇದನ್ನು ಕನ್ನಡದವರು ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ' ಏನು? ಬಾವಿ ತೋಡುವುದು, ಗಿಡಕ್ಕೆ ಮದ್ದು, ಅಡುಗೆ. ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷಕ್ಕೆ ಚಿಕಿತ್ಸೆ ಹೇಳುತ್ತದೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ' ರೊಟ್ಟಿ ಸುಡುವುದನ್ನು ಪದ್ಯದಲ್ಲಿ ಕಲಿಸುತ್ತದೆ. ಇವನ್ನೆಲ್ಲ ಸಾಹಿತ್ಯ ಚರಿತ್ರೆಯಲ್ಲಿ ಓದಿ ಪಾಸಾದವರೇ ನಾವು. ಹಳತಾದ ಕೈಪಿಡಿಗೆ ಶಾಲು, ಉಳಿದದ್ದಕ್ಕೆ ಮೂಗು ಮುರಿಯುವುದು ಯಾವ ನ್ಯಾಯ? ನಮ್ಮ ಇ-ಪತ್ರಿಕೆಗಳನ್ನೇ ನೋಡಿ: ಊರು ಬಿಟ್ಟ ದುಃಖದ ಕವಿತೆ ವಾರಕ್ಕೆ ನಾಲ್ಕು (ನಾನೂ ಬರೆದಿದ್ದೇನೆ). ಊರಿನಲ್ಲಿ ಯಾರಿಗೆ ಯಾವ ಕೆಲಸ ಹೇಗೆ ಬರುತ್ತಿತ್ತು ಎಂಬ ಬರಹ ವರ್ಷಕ್ಕೊಂದು.

ಪರ್ಷಿಯನ್ ಬಲ್ಲವರು ಎಲ್ಲಿದ್ದಾರೆ ಎಂದು ಕೇಳಬೇಡಿ. ಹೈದರಾಬಾದಿನಲ್ಲೇ ಇದ್ದಾರೆ. ಶೂಸ್ತರಿಯ ಸ್ವಂತ ಅಣ್ಣತಮ್ಮ ಮೀರ್ ಆಲಂ ಇದೇ ಊರಿನವನು. 1799ರಲ್ಲಿ ನಿಜಾಮನ ಸೈನ್ಯದೊಂದಿಗೆ ಶ್ರೀರಂಗಪಟ್ಟಣದ ಮೇಲೆ ಹೋದವನು. ಒಬ್ಬ ಟಿಪ್ಪುವಿಗೆ ಕೈಪಿಡಿ ಬರೆದ, ಇನ್ನೊಬ್ಬ ಅವನ ಎದುರು ನಿಂತ. ಮೃಗಾಲಯದ ಪಕ್ಕದ ಮೀರ್ ಆಲಂ ಕೆರೆಯ ಬಳಿ ಮಕ್ಕಳನ್ನು ಆಡಿಸುವ ನಮ್ಮವರಿಗೆ ಈ ಕತೆ ಗೊತ್ತೇ?

ಈಗ ಭಾನುವಾರ ಬೆಳಿಗ್ಗೆ ಹಳೆಯ ಊರಿನ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ನಾವು ಮೂವರು ಕೂರುತ್ತೇವೆ. ದಿನಕ್ಕೆ ಅರ್ಧ ಪುಟ ಆದರೆ ಹೆಚ್ಚು. ಮೊದಲ ವಾರ ಅಜ್ಜನ ಕೋವಿಯ ಬಗ್ಗೆ ಹರುಕು ಉರ್ದುವಿನಲ್ಲಿ ಹೇಳುತ್ತಿದ್ದೆ. ಈಡು ಗಿಡಿಯುವ ಕಡ್ಡಿಗೆ ಉರ್ದುವಿನಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲದೆ ನಮ್ಮ ಮಾತನ್ನೇ ಹೇಳಿಬಿಟ್ಟೆ, "ಗಜ" ಅಂತ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಗಜ್ ಪರ್ಷಿಯನ್ ಮಾತಲ್ಲವೇ? ನಿಮ್ಮ ಅಜ್ಜನಿಗೆ ಹೇಗೆ ಗೊತ್ತು?" ಎಂದರು.