ಹಿಮದ ಪಟವೂ ಹೊಲದ ಪಟವೂ

ಉತ್ತರ ಧ್ರುವದ ಸುತ್ತಣ ಶೀತಪ್ರದೇಶಗಳ ಛಾಯಾಚಿತ್ರಗಳನ್ನು ನಮ್ಮ ವಾಚಕ ಮಹಾಶಯರು ನೋಡಿಯೇ ಇರುವರು. ಕರಗುತ್ತಿರುವ ಹಿಮವನ್ನೂ ನಾಯಿಗಳು ಎಳೆಯುವ ಬಂಡಿಯ ಬೇಟೆಗಾರನನ್ನೂ ಕಂಡು ಮರುಗಿ ಪತ್ರಿಕೆಯನ್ನು ಮಡಿಸಿಡುವುದು ಸುಲಭ. ಆದರೆ ಪಟವು ಸಾಕ್ಷ್ಯವಾಗುವುದು ಯಾವಾಗ ಎಂಬ ಪ್ರಶ್ನೆಯು ನಾಗಮಂಗಲದ ರಾಗಿ ಬೆಳೆಗಾರನಿಗೂ ತಗಲುವಂಥದು.

2017ರಲ್ಲಿ ಕೆನಡಾ ದೇಶದ ಉತ್ತರದ ದ್ವೀಪವೊಂದರಲ್ಲಿ ಎಲುಬೆದ್ದ ಬಿಳಿ ಕರಡಿಯೊಂದರ ಚಲಚ್ಚಿತ್ರವನ್ನು ತೆಗೆಯಲಾಯಿತು. ಹವಾಮಾನ ಬದಲಾವಣೆಯ ರೂಪ ಇದೇ ಎಂಬ ಬರಹದೊಡನೆ ಅದು ಲೋಕವನ್ನೆಲ್ಲ ಸುತ್ತಿತು. ಆ ಒಂದು ಪ್ರಾಣಿಯ ಹಸಿವಿಗೆ ಕಾರಣ ತಿಳಿಯದೆಂದೂ ಮಾತು ಅತಿಯಾಯಿತೆಂದೂ ಮರುವರ್ಷ ನ್ಯಾಷನಲ್ ಜಿಯೋಗ್ರಫಿಕ್ ಪತ್ರಿಕೆಯೇ ಒಪ್ಪಿಕೊಳ್ಳಬೇಕಾಯಿತು. ಹಿಮ ಕರಗುತ್ತಿರುವುದು ನಿಜ, ಕೆಟ್ಟದ್ದು ಸಾಕ್ಷ್ಯ. ಐಸ್‌ಲೆಂಡಿನ ರಾಗ್ನರ್ ಆಕ್ಸೆಲ್ಸನ್ ಎಂಬವರಾದರೋ ಸುಮಾರು ನಾಲ್ಕು ದಶಕಗಳಿಂದ ಗ್ರೀನ್‌ಲೆಂಡಿನ ಬೇಟೆಗಾರರ ಬಳಿಗೆ ಮರಳಿ ಮರಳಿ ಹೋಗಿ ಪಟ ತೆಗೆದಿದ್ದಾರೆ. ಮಂಜು ತೆಳುವಾದುದನ್ನು ಅಲ್ಲಿ ಹೇಳುವವರು ಅದರ ಮೇಲೆ ಬಂಡಿ ಹೊಡೆಯುವ ಜನರೇ. ಅಂಥ ಪಟಕ್ಕೆ ತೂಕವುಂಟು.

ನಮ್ಮಲ್ಲಿ ನೋಡೋಣ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿಯ ಜಲಾಶಯವು 124.80 ಅಡಿಯ ಪೂರ್ಣಮಟ್ಟವನ್ನು ಮುಟ್ಟಲಿಲ್ಲ. ಬಿರುಕು ಬಿಟ್ಟ ಹಿನ್ನೀರಿನ ನೆಲದ ಪಟಗಳು ಎಲ್ಲೆಲ್ಲಿಯೂ ಅಚ್ಚಾದವು. 2025ರಲ್ಲಿ ಅದೇ ಜಲಾಶಯ, ಅಣೆಕಟ್ಟೆಯ ಚರಿತ್ರೆಯಲ್ಲಿಯೇ ಮೊದಲ ಬಾರಿಗೆ, ಜೂನ್ ತಿಂಗಳಿನಲ್ಲಿ ತುಂಬಿತು. ಬಾಗಿನದ ಪಟಗಳೂ ಅಚ್ಚಾದವು. ಇವೆರಡರಲ್ಲಿ ಯಾವುದೊಂದನ್ನು ಹಿಡಿದುಕೊಂಡು ಹವೆಯ ವಿಷಯವಾಗಿ ತೀರ್ಪು ಕೊಟ್ಟರೂ ಅದು ಕರಡಿಯ ಕಥೆಯೇ ಆದೀತು.

2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ರಾಜ್ಯ ಸರ್ಕಾರದವರು 18,171 ಕೋಟಿ ರೂಪಾಯಿ ಕೇಳಿದರು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಕೇಂದ್ರದಿಂದ ಬಂದುದು ಸುಮಾರು 3,454 ಕೋಟಿ. ವ್ಯಾಜ್ಯ ಇಷ್ಟು ದೂರ ಹೋಗುವ ಕಾಲದಲ್ಲಿ ಹೊಲದ ಪುರಾವೆಯ ಬೆಲೆ ಎಷ್ಟೆಂಬುದನ್ನು ನಾವು ಹೇಳಬೇಕಾದುದಿಲ್ಲ.

ಆ ಪುರಾವೆಯನ್ನು ಒದಗಿಸುವ ಅಧಿಕಾರ 2020ರ ಮುಂಗಾರಿನಿಂದ ರೈತನ ಕೈಗೇ ಬಂದಿದೆ. ಬೆಳೆ ಸಮೀಕ್ಷೆಯ ಆ್ಯಪಿನ ಮೂಲಕ ತನ್ನ ಸರ್ವೆ ನಂಬರಿನಲ್ಲಿ ನಿಂತು ಅವನೇ ಪಟ ತೆಗೆದು ಕಳುಹಿಸಬಹುದು. ತಪ್ಪು ದಾಖಲಾದರೆ ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಪರವೂರಿನ ಛಾಯಾಗ್ರಾಹಕ ಬಂದು ಆಕಾಶ ನೋಡುವ ಮುದುಕನೊಬ್ಬನನ್ನು ಸೆರೆಹಿಡಿದು ಹೋಗುವುದಕ್ಕಿಂತ ಇದು ಎಷ್ಟೋ ಮೇಲು. (ಆ ಮುದುಕನ ಊರು, ಬೆಳೆ, ನಷ್ಟ ಯಾವುದೂ ಪಟದ ಕೆಳಗೆ ಇರುವುದಿಲ್ಲ.) ಆದರೂ ಈ ಕೆಲಸವನ್ನು ಬೇರೊಬ್ಬರಿಗೆ ಬಿಟ್ಟುಕೊಡುವ ಉದಾಸೀನವು ರೈತಾಪಿ ಜನರಲ್ಲಿ ಇಲ್ಲದಿಲ್ಲ. ಬದುವಿನ ಮೇಲೆ ನಿಂತು ತೆಗೆದ ಪಟದಲ್ಲಿ ಒಣಗಿದ ರಾಗಿಯೂ ಹಸುರಾಗಿ ತೋರಬಹುದು.

ಆದುದರಿಂದ ತಹಶೀಲ್ದಾರರಿಗೂ ಕೃಷಿ ಇಲಾಖೆಯವರಿಗೂ ನಮ್ಮದೊಂದು ಸೂಚನೆ. ಪ್ರತಿ ಸರ್ವೆ ನಂಬರಿನ ಪಟಗಳನ್ನು ವರ್ಷದಿಂದ ವರ್ಷಕ್ಕೆ ಕಾಪಾಡಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದವರಿಗೆ ತೋರಿಸುವ ಏರ್ಪಾಡಾಗಬೇಕು. ಇದಲ್ಲದೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ, ಪಾಂಡವಪುರದ ತೊಣ್ಣೂರು ಕೆರೆ, ಕೃಷ್ಣರಾಜಪೇಟೆಯ ಹೇಮಾವತಿ ನಾಲೆ, ನಾಗಮಂಗಲದ ಮಳೆಯಾಶ್ರಿತ ಕೆರೆಯೊಂದು, ಈ ನಾಲ್ಕು ಕಡೆ ಕಲ್ಲು ನೆಟ್ಟು, ಪ್ರತಿ ತಿಂಗಳ ಒಂದನೆಯ ತಾರೀಕು ಅದೇ ಕಲ್ಲಿನ ಬಳಿಯಿಂದ ಪಟ ತೆಗೆಯಿಸಲಿ. ಊರಿನ ಹೈಸ್ಕೂಲಿನ ಹುಡುಗರು ಈ ಕೆಲಸವನ್ನು ಸಂತೋಷದಿಂದ ಮಾಡಿಯಾರು. ತಗಲುವ ಖರ್ಚು ನಾಲ್ಕು ಕಲ್ಲುಗಳದು.