ಹೋದ ಮೇಲೆ ಮರಳುವ ದಾರಿ ಉಂಟೆ?

ಊರಿನ ರಸ್ತೆಗಳೆಲ್ಲ ಏಕಮುಖ ಸಂಚಾರದವು ಎಂದುಕೊಳ್ಳಿ. ಶಾಲೆಗೆ ಹೋದ ಮಗುವಿಗೆ ಮನೆಗೆ ಮರಳುವ ದಾರಿ ಉಂಟೆ? ಪರಸ್ಪರ ಹೋಗಿಬರಬಹುದಾದ ವೃತ್ತಗಳ ಇಡೀ ಗುಂಪಿಗೆ ‘ದೃಢ ಸಂಪರ್ಕಿತ ಘಟಕ’ ಎನ್ನಬಹುದು.

ಇದನ್ನು ಹುಡುಕಲು ಭಾರತ ಮೂಲದ ಎಸ್. ರಾವ್ ಕೊಸರಾಜು 1978ರಲ್ಲಿ ಸರಳ ಉಪಾಯ ಕಂಡುಕೊಂಡರು. ಸಿಕ್ಕ ದಾರಿಯಲ್ಲಿ ಕೊನೆಯವರೆಗೆ ನಡೆದು, ಮುಂದೆ ಹೊಸ ವೃತ್ತ ಸಿಗದೆ ಹಿಂದಿರುಗುವಾಗ ಪ್ರತಿ ವೃತ್ತವನ್ನೂ ಪಟ್ಟಿಗೆ ಸೇರಿಸಬೇಕು. ಬಳಿಕ ಬಾಣಗಳನ್ನೆಲ್ಲ ತಿರುಗಿಸಿ, ಪಟ್ಟಿಯ ಕೊನೆಯಿಂದ ಮತ್ತೆ ನಡೆಯಬೇಕು. ಒಂದೊಂದು ಸಲ ಹೊಸದಾಗಿ ಸಿಕ್ಕವೇ ಒಂದೊಂದು ಗುಂಪು.

1995ರಲ್ಲಿ ಡೇವಿಡ್ ಕಿಂಗ್, ಜಾನ್ ಲಾಂಚ್‌ಬರಿ ಇದನ್ನೇ ಹ್ಯಾಸ್ಕೆಲ್ ಭಾಷೆಯಲ್ಲಿ ಚಿಕ್ಕ ಫಂಕ್ಷನ್‌ಗಳ ಜೋಡಣೆಯಾಗಿ ಬರೆದರು: ನಡೆ, ಪಟ್ಟಿಮಾಡು, ತಿರುಗಿಸು. ಒಂದರ ಫಲ ಇನ್ನೊಂದಕ್ಕೆ ಸಾಮಗ್ರಿ. ನೋಡಿದ ವೃತ್ತಕ್ಕೆ ಗುರುತು ಹಾಕಲು ಮರೆತರೆ ಮಾತ್ರ ಶೋಧ ಸುತ್ತುತ್ತಲೇ ಇರುತ್ತದೆ!

ಮಕ್ಕಳು ಐದು ವೃತ್ತ ಬರೆದು ಪರೀಕ್ಷಿಸಲಿ.