ಸ್ಟೌವ್ ಸಿಡಿಯುವುದು ಸೊಸೆಯ ಮೇಲೇ ಏಕೆ? ಅಂಕಿಗಳನ್ನು ಚಿತ್ರವಾಗಿ ನೋಡೋಣ



ಈ ಸಲ ನಿಮ್ಮ ಸಂಘದ ಹಾಜರಿ ಪುಸ್ತಕದಿಂದಲೇ ಮಾತು ಶುರು ಮಾಡೋಣ. ಇಪ್ಪತ್ತು ಜನರ ಸಂಘ, ವಾರಕ್ಕೊಂದು ಸಭೆ ಎಂದಿಟ್ಟುಕೊಳ್ಳಿ. ಪ್ರತಿ ವಾರ ಪುಟದ ಕೆಳಗೆ ಒಟ್ಟು ಬರೆಯುತ್ತೀರಿ: ಹದಿನೆಂಟು, ಹದಿನೇಳು, ಹದಿನೆಂಟು, ಹದಿನೆಂಟು. ಬ್ಯಾಂಕಿನವರು ನೋಡಿದರೆ ಹಾಜರಿ ಚೆನ್ನಾಗಿದೆ ಎಂದು ತಲೆಯಾಡಿಸುತ್ತಾರೆ. ನಮಗೂ ಸಮಾಧಾನ.

ಈಗ ಆ ಒಟ್ಟನ್ನು ಬದಿಗಿಟ್ಟು, ಯಾರು ಬಂದಿಲ್ಲವೋ ಅವರ ಮನೆಯಲ್ಲಿ ಒಂದೊಂದು ಕುಂಕುಮದ ಬೊಟ್ಟು ಇಡಿ. ಬೊಟ್ಟುಗಳು ಪುಟದ ತುಂಬ ಅಲ್ಲಿ ಇಲ್ಲಿ ಚೆದುರಿದ್ದರೆ ಚಿಂತೆ ಬೇಡ. ಒಂದು ವಾರ ಒಬ್ಬರಿಗೆ ಜ್ವರ, ಇನ್ನೊಂದು ವಾರ ಇನ್ನೊಬ್ಬರಿಗೆ ಕೂಲಿ. ಆದರೆ ಒಂದೇ ಹೆಸರಿನ ಮುಂದೆ ಆರು ವಾರ ಸಾಲಾಗಿ ಕೆಂಪು ಬೊಟ್ಟು ಬಿದ್ದಿದ್ದರೆ? ಆ ತಂಗಿ ಎಲ್ಲಿ ಹೋದಳು? ಮನೆಯಿಂದ ಹೊರಗೆ ಬಿಡುತ್ತಿಲ್ಲವೇ? ಮುಖದ ಮೇಲಿನ ಗಾಯ ಮಾಯುವವರೆಗೆ ಒಳಗೇ ಕೂತಿದ್ದಾಳೆಯೇ? ಪುಟದ ಕೆಳಗಿನ ‘ಹದಿನೆಂಟು’ ಅವಳನ್ನು ಆರು ವಾರ ನಮ್ಮಿಂದ ಮರೆಮಾಡಿತ್ತು. ಕೆಂಪು ಸಾಲು ಒಂದೇ ನೋಟಕ್ಕೆ ತೋರಿಸಿತು. ಪುಸ್ತಕ ಅದೇ, ಅಂಕಿ ಅವೇ. ನೋಡಿದ ಬಗೆ ಮಾತ್ರ ಬೇರೆ.

ವರದಕ್ಷಿಣೆ ಸಾವು ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತಾಡುವ ನಾವು ಅಂಕಿ ಅಂಶಗಳನ್ನು ಹೀಗೆ ನೋಡುವುದನ್ನು ಏಕೆ ಕಲಿಯಬೇಕು ಎಂಬುದೇ ಈ ಸಂಚಿಕೆಯ ಸಂಪಾದಕೀಯದ ವಿಷಯ.

ಬೆಂಗಳೂರಿನ ಒಂದು ಲೆಕ್ಕ ನೋಡಿ. 1997ರ ಒಂದೇ ವರ್ಷದಲ್ಲಿ ಆ ನಗರದಲ್ಲಿ 1,133 ಹೆಂಗಸರ ‘ಅಸಹಜ ಸಾವು’ ದಾಖಲಾಯಿತು. ಅದರಲ್ಲಿ ಕೊಲೆ 157, ಆತ್ಮಹತ್ಯೆ 546, ಅಪಘಾತ 430. ವಿಮೋಚನಾ ಸಂಘಟನೆಯ ಗೆಳತಿಯರು ಆ ವರ್ಷಗಳಲ್ಲಿ ಠಾಣೆ ಮತ್ತು ಆಸ್ಪತ್ರೆಗಳಿಗೆ ಅಲೆದು, ಈ ಸಾವುಗಳ ಬೆನ್ನು ಹತ್ತಿ ಪ್ರಶ್ನೆ ಎತ್ತಿದರು. ಒಂದೊಂದೇ ಕಡತ ಓದಿದರೆ ಕಾರಣ ಸರಿಯೆಂದೇ ತೋರುತ್ತದೆ. ಒಬ್ಬಳಿಗೆ ಸ್ಟೌವ್ ಸಿಡಿಯಿತು. ಇನ್ನೊಬ್ಬಳ ಸೆರಗಿಗೆ ಬೆಂಕಿ ಹತ್ತಿತು. ಮತ್ತೊಬ್ಬಳು ಹೊಟ್ಟೆನೋವು ತಾಳಲಾರದೆ ಜೀವ ಕಳೆದುಕೊಂಡಳು. ಪತ್ರಿಕೆಯ ಮೂಲೆಯಲ್ಲಿ ಮೂರು ಸಾಲಿನ ಸುದ್ದಿ. ಓದಿ ‘ಅಯ್ಯೋ ಪಾಪ’ ಎಂದು ಪುಟ ತಿರುವುತ್ತೇವೆ.

ಆ 1,133ನ್ನು ನೂರು ಹುಣಿಸೆ ಬೀಜ ಮಾಡಿ ನೆಲದ ಮೇಲೆ ಹರಡೋಣ. ಹದಿನಾಲ್ಕು ಬೀಜ ‘ಕೊಲೆ’ಯ ಗುಂಪಿಗೆ, ನಲವತ್ತೆಂಟು ‘ಆತ್ಮಹತ್ಯೆ’ಗೆ, ಮೂವತ್ತೆಂಟು ‘ಅಪಘಾತ’ಕ್ಕೆ. ಚಿತ್ರವೇನೋ ಆಯಿತು. ಆದರೆ ಇದು ಪೊಲೀಸರು ಹಚ್ಚಿದ ಹೆಸರುಗಳ ಚಿತ್ರ. ನೂರರಲ್ಲಿ ಎಂಬತ್ತಾರು ಸಾವಿಗೆ ಮನೆಯವರು ಯಾರೂ ಹೊಣೆಯಲ್ಲ ಎಂದು ಅದು ಹೇಳುತ್ತದೆ. ಇಲ್ಲಿಗೇ ನಿಂತರೆ ನಾವೂ ಅದನ್ನೇ ನಂಬುತ್ತೇವೆ. ಆದ್ದರಿಂದ ಬೀಜಗಳನ್ನು ಬೇರೆ ಪ್ರಶ್ನೆ ಕೇಳಿ ಜೋಡಿಸಬೇಕು: ಸತ್ತವರ ವಯಸ್ಸೆಷ್ಟು? ಮದುವೆಯಾಗಿ ಎಷ್ಟು ವರ್ಷ? ಅದೇ ವಯಸ್ಸಿನ ಗಂಡಸರು ಹೀಗೆ ಎಷ್ಟು ಜನ ಸತ್ತರು?

ಇಡೀ ದೇಶಕ್ಕೆ ಇಂಥ ಪ್ರಶ್ನೆ ಕೇಳಿದ ಒಂದು ಅಧ್ಯಯನ 2009ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು 1,63,000ಕ್ಕೂ ಹೆಚ್ಚು ಎಂದು ಅದರ ಅಂದಾಜು. ಪೊಲೀಸ್ ಲೆಕ್ಕದ ಸುಮಾರು ಆರು ಪಟ್ಟು ಇದು. ಅವರಲ್ಲಿ 1,06,000 ಹೆಂಗಸರು. ಇಷ್ಟು ದೊಡ್ಡ ಅಂಕಿ ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ವಯಸ್ಸಿನ ಪ್ರಕಾರ ಕಂಬ ಬರೆದರೆ ಇಳಿಯುತ್ತದೆ. ಆ ಹೆಂಗಸರಲ್ಲಿ ಹೆಚ್ಚಿನವರು 15ರಿಂದ 34ರ ವಯಸ್ಸಿನವರು. ಕಂಬಗಳ ಸಾಲಿನಲ್ಲಿ ಅಲ್ಲಿಗೆ ಬಂದಾಗ ಗುಡ್ಡ ಎದ್ದ ಹಾಗೆ ಕಾಣುತ್ತದೆ. ಈ ಹರೆಯದಲ್ಲಿ ಬೆಂಕಿಗೆ ಒಬ್ಬ ಗಂಡಸು ಸತ್ತರೆ ಮೂವರು ಹೆಂಗಸರು ಸಾಯುತ್ತಾರೆ.

‘ಅಡುಗೆ ಮಾಡುವವರು ಹೆಂಗಸರು, ಹಾಗಾಗಿ ಹೆಂಗಸರೇ ಸುಟ್ಟುಕೊಳ್ಳುತ್ತಾರೆ’ ಎನ್ನುವವರಿದ್ದಾರೆ. ಆ ಮಾತನ್ನೂ ತೂಗಿ ನೋಡೋಣ. ಐವತ್ತು ದಾಟಿದ ಅತ್ತೆಯೂ ಒಲೆಯ ಮುಂದೆ ಕೂರುತ್ತಾಳೆ, ನಲವತ್ತೈದರ ಓರಗಿತ್ತಿಯೂ ಕೂರುತ್ತಾಳೆ. ಬೆಂಕಿಗೆ ವಯಸ್ಸು ಗೊತ್ತಾಗುತ್ತದೆಯೇ? ಸೀಮೆಎಣ್ಣೆ ಸ್ಟೌವ್ ಮದುವೆಯ ತಾರೀಕು ನೋಡಿ ಸಿಡಿಯುತ್ತದೆಯೇ? ಈ ಚಿತ್ರವೊಂದರಿಂದಲೇ ಪ್ರತಿ ಸಾವೂ ಕೊಲೆ ಎಂದು ಹೇಳಲು ಬರುವುದಿಲ್ಲ. ಅದರಲ್ಲಿ ನಿಜವಾದ ಅಪಘಾತಗಳಿವೆ, ಹಿಂಸೆ ತಾಳದೆ ತಾನೇ ಬೆಂಕಿ ಹಚ್ಚಿಕೊಂಡವರಿದ್ದಾರೆ, ಬೇರೆಯವರು ಹಚ್ಚಿದ ಬೆಂಕಿಯೂ ಇದೆ. ಆದರೆ ‘ಎಲ್ಲವೂ ಆಕಸ್ಮಿಕ’ ಎಂಬ ಮಾತು ಆ ಗುಡ್ಡದ ಮುಂದೆ ನಿಲ್ಲುವುದಿಲ್ಲ. ಇದು ಒಂದು ಮನೆಯ ದುರದೃಷ್ಟವಲ್ಲ, ಇದಕ್ಕೊಂದು ಕ್ರಮವಿದೆ ಎಂದು ಕಣ್ಣಿಗೇ ಕಾಣುತ್ತದೆ.

ಹೆಂಗಸರ ಚಳವಳಿ ಸಾವುಗಳನ್ನು ಒಟ್ಟಿಗೆ ಇಟ್ಟು ನೋಡಿ ಕೂಗಿದ್ದರಿಂದಲೇ ಕಾನೂನು ಬದಲಾಯಿತು. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಅಸಹಜವಾಗಿ ಸತ್ತು, ಸಾವಿಗೆ ಮುಂಚೆ ಅವಳಿಗೆ ವರದಕ್ಷಿಣೆಗಾಗಿ ಕಿರುಕುಳ ಕೊಟ್ಟದ್ದು ತಿಳಿದುಬಂದರೆ ಅದು ವರದಕ್ಷಿಣೆ ಸಾವು ಎಂದು 1986ರಲ್ಲಿ ಕಾನೂನಾಯಿತು. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಿನಲ್ಲಿದೆ. ಏಳು ವರ್ಷದೊಳಗಿನ ಇಂಥ ಸಾವಿನ ಶವ ಪಂಚನಾಮೆಗೆ ದಂಡಾಧಿಕಾರಿಯೇ ಬರಬೇಕು. ನಿಮ್ಮ ಊರಿನಲ್ಲಿ ಇಂಥದ್ದು ನಡೆದರೆ ‘ದಂಡಾಧಿಕಾರಿ ಎಲ್ಲಿ?’ ಎಂದು ಕೇಳುವುದು ಸಂಘದ ಹಕ್ಕು.

ಅಂಕಿಯನ್ನು ಚಿತ್ರ ಮಾಡಿ ದೊರೆಗಳ ಕಣ್ಣು ತೆರೆಸಿದ ಒಬ್ಬ ಹೆಂಗಸನ್ನು ಇಲ್ಲಿ ನೆನೆಯಬೇಕು. ದೀಪ ಹಿಡಿದು ಗಾಯಾಳುಗಳ ನಡುವೆ ನಡೆದವಳು ಎಂದು ಶಾಲೆಯ ಪಾಠದಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್. ಅವಳ ದೀಪ ಮಾತ್ರ ನಮಗೆ ಗೊತ್ತು, ಲೆಕ್ಕ ಗೊತ್ತಿಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರಿಗಾಗಿ ತೆರೆದ ಆಸ್ಪತ್ರೆಗೆ ಹೋದಾಗ, ಗುಂಡೇಟಿಗಿಂತ ಹೆಚ್ಚು ಜನ ಕೊಳಕಿನಿಂದ ಬಂದ ರೋಗಗಳಿಗೆ ಸಾಯುವುದನ್ನು ಕಂಡಳು. ಊರಿಗೆ ಮರಳಿದ ಮೇಲೆ ಅಂಕಿಗಳ ಉದ್ದುದ್ದ ಪಟ್ಟಿ ಮಂತ್ರಿಗಳ ಮನಸ್ಸಿಗೆ ಹತ್ತುವುದಿಲ್ಲವೆಂದು ತಿಳಿದು, 1858ರಲ್ಲಿ ಒಂದು ಚಿತ್ರ ಅಚ್ಚು ಹಾಕಿಸಿದಳು. ತಿಂಗಳಿಗೊಂದು ಎಸಳು, ಹೂವಿನ ಹಾಗೆ ಸುತ್ತಲೂ. ಗಾಯಕ್ಕೆ ಸತ್ತವರು ಕೆಂಪು, ತಡೆಯಬಹುದಾಗಿದ್ದ ರೋಗಕ್ಕೆ ಸತ್ತವರು ನೀಲಿ. ನೀಲಿಯ ಮುಂದೆ ಕೆಂಪು ಏನೂ ಅಲ್ಲ. 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಚರಂಡಿ ಶುಚಿ ಮಾಡಿಸಿದ ಮೇಲೆ ನೀಲಿ ಎಸಳುಗಳು ಕುಗ್ಗುತ್ತಾ ಹೋಗುವುದೂ ಅದರಲ್ಲಿ ಕಾಣುತ್ತದೆ. 1858ರಲ್ಲೇ ಲಂಡನ್ನಿನ ಅಂಕಿ ಅಂಶ ಸಂಘ ಅವಳನ್ನು ಸೇರಿಸಿಕೊಂಡಿತು. ಆ ಸಂಘದ ಮೊದಲ ಮಹಿಳಾ ಸದಸ್ಯೆ ಅವಳೇ.

ನಮಗೆ ಇದು ಹೊಸದೇನಲ್ಲ. ರಂಗೋಲಿಯ ಚುಕ್ಕಿ ಎಣಿಸಿ ಸಾಲು ಹಾಕುವವರು ನಾವು. 1990ರ ಆಸುಪಾಸಿನಲ್ಲಿ ಮೈರಾಡಾದಂಥ ಸಂಸ್ಥೆಗಳು ನಮ್ಮ ಹಳ್ಳಿಗಳಲ್ಲಿ ಕಲ್ಲು, ಬೀಜ, ರಂಗೋಲಿ ಪುಡಿ ಇಟ್ಟುಕೊಂಡು ಜನರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಸಿದವು. ಓದು ಬಾರದ ಅಜ್ಜಿಯೂ ಬೀಜದ ಸಾಲು ನೋಡಿ ‘ಇಲ್ಲಿ ಜಾಸ್ತಿ, ಇಲ್ಲಿ ಕಡಿಮೆ’ ಎಂದು ಹೇಳಬಲ್ಲಳು. ಚಿತ್ರದ ದೊಡ್ಡ ಗುಣ ಅದು: ಲೆಕ್ಕ ಬಲ್ಲವರ ಕೈಯಿಂದ ಮಾತು ಎಲ್ಲರ ಕೈಗೆ ಬರುತ್ತದೆ.

ಒಂದು ಕಲ್ಪನೆಯ ಉದಾಹರಣೆ ಕೊಡುತ್ತೇವೆ. ಎರಡು ಊರು. ಎರಡರಲ್ಲೂ ವರ್ಷಕ್ಕೆ ಇಪ್ಪತ್ತನಾಲ್ಕು ಸಲ ಹೆಂಗಸರು ಏಟು ತಿಂದು ಸಂಘದ ಬಾಗಿಲಿಗೆ ಬಂದರು. ತಿಂಗಳಿಗೆ ಸರಾಸರಿ ಎರಡು. ಕಾಗದದ ಮೇಲೆ ಎರಡು ಊರೂ ಒಂದೇ. ಹನ್ನೆರಡು ಮನೆ ಬರೆದು ಬೀಜ ಇಟ್ಟು ನೋಡಿ. ಮೊದಲ ಊರಿನಲ್ಲಿ ಪ್ರತಿ ಮನೆಯಲ್ಲೂ ಎರಡೆರಡು. ಎರಡನೆಯ ಊರಿನಲ್ಲಿ ಯುಗಾದಿಯ ತಿಂಗಳು ಏಳು, ಶಾಲೆ ಶುರುವಾಗುವ ಜೂನಿನಲ್ಲಿ ಐದು, ಗೌರಿ ಹಬ್ಬದ ತಿಂಗಳು ಒಂಬತ್ತು, ಉಳಿದ ಒಂಬತ್ತು ತಿಂಗಳಿಗೆ ಮೂರೇ ಮೂರು. ಈಗ ಆ ಊರಿನ ಹೆಂಗಸರು ತಾವಾಗಿಯೇ ಮಾತಿಗೆ ತೊಡಗುತ್ತಾರೆ. ಗೌರಿ ಹಬ್ಬಕ್ಕೆ ತವರಿನಿಂದ ಏನು ಬಂತು, ಬಾಗಿನದ ಜೊತೆ ಎಷ್ಟು ಕೊಟ್ಟರು ಎಂಬ ಮಾತಿನಿಂದ ಜಗಳ ಹುಟ್ಟಿರಬಹುದೇ? ಹಾಗಿದ್ದರೆ ಹಬ್ಬಕ್ಕೆ ಹದಿನೈದು ದಿನ ಮುಂಚೆಯೇ ಆ ಮನೆಗಳಿಗೆ ಸಂಘದ ನಾಲ್ಕು ಜನ ಹೋಗಿ ಬರಬಹುದು. ಮೊದಲ ಊರಿಗೆ ಈ ಮದ್ದು ನಾಟುವುದಿಲ್ಲ. ಅಲ್ಲಿ ಕುಡಿತವೋ ಇನ್ನೇನೋ, ದಿನನಿತ್ಯದ ಕಾರಣ ಹುಡುಕಬೇಕು. ಒಂದೇ ಸರಾಸರಿ, ಬೇರೆ ಬೇರೆ ರೋಗ.

ನಿಮ್ಮ ಸಂಘದಲ್ಲೂ ಮಾಡಿ ನೋಡಿ. ಹನ್ನೆರಡು ತೆಂಗಿನ ಚಿಪ್ಪು ತೆಗೆದುಕೊಂಡು ತಿಂಗಳಿಗೊಂದರಂತೆ ಗುರುತು ಹಾಕಿ. ಯುಗಾದಿಗೆ ಬೇವು, ದೀಪಾವಳಿಗೆ ಹಣತೆ, ಹೀಗೆ. ಚಿಪ್ಪುಗಳನ್ನು ಒಳಕೋಣೆಯಲ್ಲಿಡಿ. ಪ್ರತಿಯೊಬ್ಬರೂ ಒಂದು ಹಿಡಿ ಬೀಜ ತೆಗೆದುಕೊಂಡು ಒಬ್ಬೊಬ್ಬರಾಗಿ ಒಳಗೆ ಹೋಗಿ, ಹೋದ ವರ್ಷ ಯಾವ ತಿಂಗಳು ಏಟು ಬಿತ್ತೋ ಆ ಚಿಪ್ಪಿಗೆ ಬೀಜ ಹಾಕಿ, ಮಿಕ್ಕದ್ದನ್ನು ಚೀಲಕ್ಕೆ ಸುರಿದು ಬರಲಿ. ಏಟು ಬೀಳದವರೂ ಹೋಗಿ ಬರಬೇಕು, ಯಾರದ್ದು ಎಷ್ಟು ಎಂದು ಗೊತ್ತಾಗಬಾರದು. ಆಮೇಲೆ ಚಿಪ್ಪುಗಳನ್ನು ಹೊರಗೆ ತಂದು ಬೀಜಗಳನ್ನು ಸಾಲಾಗಿ ಜೋಡಿಸಿ, ಸುಮ್ಮನೆ ಸ್ವಲ್ಪ ಹೊತ್ತು ನೋಡಿ. ‘ನನ್ನ ಹಣೆಬರಹ’ ಎಂದುಕೊಂಡಿದ್ದವಳಿಗೆ ತನ್ನ ಬೀಜದ ಪಕ್ಕದಲ್ಲಿ ಇನ್ನೆಂಟು ಬೀಜ ಕಾಣುತ್ತದೆ.

ಸಾಲದ ಪುಸ್ತಕಕ್ಕೂ ಇದೇ ಕ್ರಮ. ಯಾವ ಕಾರಣಕ್ಕೆ, ಯಾವ ತಿಂಗಳು, ಮದುವೆಯಾಗಿ ಎಷ್ಟು ವರ್ಷದವಳು ಸಾಲ ಎತ್ತಿದಳು ಎಂದು ಬೀಜ ಇಟ್ಟು ನೋಡಿ. ‘ಮನೆ ಖರ್ಚು’ ಎಂದು ಬರೆಸಿದ ಸಾಲಗಳೆಲ್ಲ ಹೊಸ ಸೊಸೆಯರ ಹೆಸರಿನಲ್ಲೇ ಇದ್ದರೆ ನಾವು ಕೇಳಿಕೊಳ್ಳಬೇಕು: ‘ತವರಿಂದ ತಾ’ ಎನ್ನುತ್ತಿದ್ದವರು ಈಗ ‘ಸಂಘದಿಂದ ತಾ’ ಎನ್ನುತ್ತಿದ್ದಾರೆಯೇ? ನಾವು ಬೆವರು ಸುರಿಸಿ ಉಳಿಸಿದ ದುಡ್ಡು ವರದಕ್ಷಿಣೆಯ ಇನ್ನೊಂದು ದಾರಿಯಾಗಿದೆಯೇ? ಕಹಿಯಾದ ಪ್ರಶ್ನೆ, ಆದರೆ ನಮ್ಮ ಪುಸ್ತಕಕ್ಕೆ ನಾವೇ ಕೇಳಬೇಕಾದ ಪ್ರಶ್ನೆ.

ಎರಡು ಎಚ್ಚರಿಕೆ ಹೇಳದೆ ಮುಗಿಸುವಂತಿಲ್ಲ. ಮೊದಲನೆಯದು, ಚಿತ್ರಕ್ಕೂ ಸುಳ್ಳು ಹೇಳಲು ಬರುತ್ತದೆ. ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 2020ರಲ್ಲಿ 6,966, 2021ರಲ್ಲಿ 6,589, 2022ರಲ್ಲಿ 6,450. ಯಾರಾದರೂ ಜಾಣರು ಕಂಬದ ಬುಡವನ್ನು ಸೊನ್ನೆಯ ಬದಲು ಆರು ಸಾವಿರದಿಂದ ಶುರು ಮಾಡಿದರೆ, ಮೂರನೆಯ ಕಂಬ ಮೊದಲನೆಯದರ ಅರ್ಧಕ್ಕಿಂತ ಗಿಡ್ಡ ಕಾಣುತ್ತದೆ. ‘ವರದಕ್ಷಿಣೆ ಪಿಡುಗು ಅರ್ಧಕ್ಕರ್ಧ ಇಳಿಯಿತು’ ಎಂದು ಭಾಷಣ ಮಾಡಬಹುದು. ಸೊನ್ನೆಯಿಂದ ಬರೆದರೆ ಮೂರೂ ಕಂಬ ಹೆಚ್ಚುಕಡಿಮೆ ಒಂದೇ ಎತ್ತರ. ಇಳಿದದ್ದು ನೂರಕ್ಕೆ ಸುಮಾರು ಏಳು ಅಷ್ಟೇ. 2022ರಲ್ಲೂ ಸುಮಾರು ಎಂಬತ್ತು ನಿಮಿಷಕ್ಕೊಂದು ಪ್ರಕರಣ, ಅಂದರೆ ನಮ್ಮ ವಾರದ ಸಭೆ ಮುಗಿಯುವಷ್ಟರಲ್ಲಿ ಒಂದು. ಕಂಬ ಏರಿದಾಗಲೂ ಹೀಗೇ ಯೋಚಿಸಬೇಕು. ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ಹೆಂಗಸರು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 20.6. ಮುಂದಿನ ಸಮೀಕ್ಷೆಯಲ್ಲಿ 44.4. ನಮ್ಮ ರಾಜ್ಯದಲ್ಲಿ ಆ ಸಮೀಕ್ಷೆ ನಡೆದದ್ದು ಕೊರೊನಾಗೆ ಮುಂಚೆಯೇ, ಹಾಗಾಗಿ ಲಾಕ್‌ಡೌನಿನ ನೆಪವೂ ಇಲ್ಲ. ಹಿಂಸೆ ಹೆಚ್ಚಿತೋ, ಬಾಯಿ ಬಿಟ್ಟು ಹೇಳುವ ಧೈರ್ಯ ಹೆಚ್ಚಿತೋ, ಕೇಳಿದವರ ರೀತಿ ಬದಲಾಯಿತೋ? ಎರಡು ಕಂಬಗಳಿಂದ ಅದು ತಿಳಿಯುವುದಿಲ್ಲ. ಚಿತ್ರ ಪ್ರಶ್ನೆ ಎಬ್ಬಿಸುತ್ತದೆ. ಉತ್ತರಕ್ಕೆ ಹೆಂಗಸರ ಹತ್ತಿರ ಕೂತು ಕೇಳಲೇಬೇಕು.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯ. ಊರಿನ ನಕ್ಷೆಯ ಮೇಲೆ ಮನೆ ಗುರುತಿಸಿ ಬೀಜ ಇಡಬೇಡಿ. ಸಣ್ಣ ಊರಿನಲ್ಲಿ ಒಂದು ಬೀಜ ಎಂದರೆ ಒಂದು ಮನೆ, ಒಂದು ಹೆಸರು. ಅದು ಹೊಡೆಯುವವನ ಕಿವಿಗೆ ಬಿದ್ದರೆ ಅವತ್ತು ರಾತ್ರಿಯೇ ಅವಳ ಮೇಲೆ ಇನ್ನೊಂದು ಏಟು. ತಿಂಗಳು, ಮದುವೆಯ ವರ್ಷ, ಕಾರಣ ಇಷ್ಟು ಸಾಕು. ಫೋಟೋ ಬೇಡ. ಸಭೆ ಮುಗಿದ ಮೇಲೆ ರಂಗೋಲಿ ಅಳಿಸಿ, ತಿಳಿದದ್ದನ್ನು ನಿರ್ಣಯ ಪುಸ್ತಕದಲ್ಲಿ ಹೆಸರಿಲ್ಲದೆ ಬರೆದಿಡಿ. ಬೀಜ ಇಡುವಾಗ ಯಾರಾದರೂ ಅತ್ತರೆ ಅವತ್ತಿನ ಲೆಕ್ಕ ಅಲ್ಲಿಗೇ ನಿಲ್ಲಲಿ, ಅವಳ ಪಕ್ಕದಲ್ಲಿ ಕೂರಿ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಲ್ಲಿ ಅವಳಿಗೆ ಆ ಮನೆಯಲ್ಲೇ ಇರುವ ಹಕ್ಕಿದೆ, ದೂರು ಬರೆದುಕೊಳ್ಳಲು ಸಂರಕ್ಷಣಾಧಿಕಾರಿ ಇದ್ದಾರೆ. 181ಕ್ಕೆ ಫೋನ್ ಮಾಡಬಹುದು ಎಂದು ತಿಳಿಸಿ.

ಗೆಳತಿಯರೇ, ಪ್ರತಿ ಮನೆಯ ಬಾಗಿಲು ಮುಚ್ಚಿದ್ದರಿಂದಲೇ ಈ ಹಿಂಸೆ ಇಷ್ಟು ಕಾಲ ಉಳಿದಿದೆ. ಒಂದೊಂದು ಮನೆಯಲ್ಲೂ ಅದು ಗಂಡ ಹೆಂಡಿರ ಜಗಳ, ಒಂದೊಂದು ಕಡತದಲ್ಲೂ ಅದು ಆಕಸ್ಮಿಕ. ಬೀಜಗಳನ್ನು ಒಂದೇ ನೆಲದ ಮೇಲೆ ಪಕ್ಕಪಕ್ಕದಲ್ಲಿ ಇಟ್ಟ ದಿನ ಆ ಸುಳ್ಳು ಬಯಲಾಗುತ್ತದೆ. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹಾಜರಿ ಪುಸ್ತಕ ಮುಚ್ಚುವ ಮುಂಚೆ ಒಮ್ಮೆ ನೋಡಿ. ಕೆಂಪು ಬೊಟ್ಟು ಸಾಲಾಗಿ ಬಿದ್ದ ಹೆಸರು ಕಂಡರೆ, ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಇಬ್ಬರು ಮೂವರು ಅವಳ ಬಾಗಿಲು ತಟ್ಟಿ ಬನ್ನಿ.